ಫಟಫಟಿಗೊಂದು ಕಣ

2025ರ ಮೇ ತಿಂಗಳಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನು ಅರ್ಜಿಯೊಂದನ್ನು ತಳ್ಳಿಹಾಕಿತು. ಮೋಟಾರು ಸೈಕಲ್ಲಿನ ಮುಂದಿನ ಗಾಲಿಯನ್ನೆತ್ತಿ ಹಿಂದಿನ ಗಾಲಿಯೊಂದರ ಮೇಲೆಯೇ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಚಟವನ್ನು ಹತ್ತಿಕ್ಕಲು ಈಗಿರುವ ಕಾನೂನು ಸಾಲದು, ಸರಕಾರವು ಇನ್ನೂ ಬಿಗಿಯಾದ ಕಟ್ಟಳೆಯನ್ನು ಮಾಡಬೇಕು ಎಂಬ ಅರ್ಥದ ಮಾತನ್ನೂ ಆಡಿತು. ಪತ್ರಿಕೆಗಳು ಈ ಚಟವನ್ನು ‘ವ್ಹೀಲಿಂಗ್’ ಎನ್ನುತ್ತವೆ. ಹುಡುಗರೂ ಹಾಗೆಯೇ ಎನ್ನುತ್ತಾರೆ. ಇದಕ್ಕೂ ಹಿಂದೆ, 2024ರ ಆಗಸ್ಟ್‌ನಲ್ಲಿ, ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಬಳಿ, ಇಂಥ ಸವಾರರ ಕಾಟದಿಂದ ರೋಸಿಹೋದ ದಾರಿಹೋಕರು ಅವರ ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎತ್ತಿ ಎಸೆದದ್ದನ್ನು ನಾಡೆಲ್ಲ ತನ್ನ ಅಂಗೈಯ ದೂರವಾಣಿಯಲ್ಲಿ ನೋಡಿತು. ನ್ಯಾಯಾಲಯದ ಕಳವಳವೂ ದಾರಿಹೋಕರ ಸಿಟ್ಟೂ ಸಕಾರಣವಾದವು. ರಸ್ತೆ ಎಲ್ಲರದು, ಅದನ್ನು ಒಬ್ಬನ ಸಾಹಸದ ರಂಗಸ್ಥಳವಾಗಿ ಮಾಡಲು ಬರುವುದಿಲ್ಲ. ಆದರೆ ಈ ವಿದ್ಯಮಾನಗಳ ಕುರಿತು ಇಷ್ಟೆಲ್ಲ ಚರ್ಚೆ ನಡೆದರೂ ಒಂದು ಸರಳವಾದ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ರಸ್ತೆಯಿಂದ ಎಬ್ಬಿಸಿದ ಈ ಹುಡುಗರು ಎಲ್ಲಿಗೆ ಹೋಗಬೇಕು?

ರಾಮನಗುಳಿಯಲ್ಲಿ ನಿಂತು ನೋಡುವವನಿಗೆ ಈ ಪ್ರಶ್ನೆ ಕೇವಲ ತರ್ಕದ್ದಲ್ಲ. ಒಂದು ಪಕ್ಕಕ್ಕೆ ಗಂಗಾವಳಿ, ಇನ್ನೊಂದು ಪಕ್ಕಕ್ಕೆ ಕಾಡು, ನಡುವೆ ಅಡಿಕೆಯ ತೋಟಗಳು. ಇವುಗಳನ್ನು ಸೀಳಿಕೊಂಡು ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ. ಹಗಲಿರುಳೂ ಲಾರಿಗಳು. ಮೇಲೆ ಅರಬೈಲು ಘಟ್ಟ. 2025ರ ಜನವರಿ 22ರ ಬೆಳಗಿನ ಜಾವ ಇದೇ ದಾರಿಯಲ್ಲಿ, ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಉರುಳಿ ಹತ್ತು ಜನ ಬಡ ವ್ಯಾಪಾರಿಗಳು ತೀರಿಕೊಂಡರು. ಹೊಟ್ಟೆಪಾಡಿಗಾಗಿ ಹೊರಟವರಿಗೇ ಇಲ್ಲಿ ದಾರಿ ಇಕ್ಕಟ್ಟು. ಶನಿವಾರ, ಭಾನುವಾರ ಬಂತೆಂದರೆ ಗೋಕರ್ಣದ ಕಡಲಿಗೆ ಹೊರಟ ಪಟ್ಟಣದ ಸವಾರರ ಸಾಲು ಈ ದಾರಿಯಲ್ಲೇ ಗುಡುಗುತ್ತ ಇಳಿಯುತ್ತದೆ. ಅವರನ್ನು ನೋಡಿ ನಮ್ಮ ಊರ ಹುಡುಗರೂ ಅಪ್ಪನ ಫಟಫಟಿಯನ್ನು ಹೊರತೆಗೆಯುತ್ತಾರೆ. ಘಟ್ಟದ ಕೆಳಗಿನ ಹಿರಿಯರ ಬಾಯಲ್ಲಿ ಮೋಟಾರು ಸೈಕಲ್ಲಿಗೆ ಇಂದಿಗೂ ಅದೇ ಹೆಸರು. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನಿಗೆ ಫಟಫಟಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಛಂದಸ್ಸಿನ ಪಾಠಕ್ಕೆ ಬರುವ ಕೈ ಸೋಮವಾರ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರೆ ಗೊಡವೆ ತಾನಾಗಿ ಬರುತ್ತದೆ.

ವೇಗಕ್ಕೊಂದು ಅಂಗಳವನ್ನು ಕಟ್ಟಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಪ್ರಪಂಚದಲ್ಲಿ ನೂರು ವರ್ಷದ ಒಂದು ದೃಷ್ಟಾಂತವಿದೆ. ಅದರ ಹೆಸರು ಸ್ಪೀಡ್‌ವೇ. ನಮ್ಮಲ್ಲಿ ಅದು ಬೇರೂರಲಿಲ್ಲ. ಆದ್ದರಿಂದ ಅದರ ಬಗೆಯನ್ನು ಸ್ವಲ್ಪ ವಿವರಿಸಬೇಕು. ಮೊಟ್ಟೆಯಾಕಾರದ ಮಣ್ಣಿನ ದಾರಿ, ಒಂದು ಸುತ್ತಿಗೆ 260ರಿಂದ 425 ಮೀಟರುಗಳೊಳಗೆ. ಒಮ್ಮೆಗೆ ನಾಲ್ವರೇ ಸವಾರರು, ನಾಲ್ಕೇ ಸುತ್ತುಗಳು, ಯಾವಾಗಲೂ ಎಡಕ್ಕೇ ತಿರುವು. ಎಲ್ಲವೂ ಒಂದು ನಿಮಿಷದ ಆಚೀಚೆ ಮುಗಿಯುತ್ತದೆ. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ವಾಹನವು 500 ಸಿ.ಸಿ.ಯ ಒಂಟಿ ಸಿಲಿಂಡರಿನದು. ಪೆಟ್ರೋಲಿನ ಬದಲು ಮೆಥನಾಲನ್ನು ಕುಡಿಯುತ್ತದೆ. ಅದಕ್ಕೆ ಒಂದೇ ಗೇರು. ಇನ್ನು ಅದಕ್ಕೆ ಬ್ರೇಕೇ ಇಲ್ಲ!

ಬ್ರೇಕಿಲ್ಲವೆಂದರೆ ನಮ್ಮ ತಾಯಂದಿರು ಕಿವಿ ಮುಚ್ಚಿಕೊಂಡಾರು. ಆದರೆ ಅದರ ಹಿಂದಿನ ವಿವೇಕ ದೊಡ್ಡದು. ನಾಲ್ವರು ಮೈಗೆ ಮೈ ತಾಗಿಸಿ ಓಡುತ್ತಿರುವಾಗ ಮುಂದಿನವನು ಥಟ್ಟನೆ ಬ್ರೇಕು ಹಾಕಿದರೆ ಹಿಂದಿನವರ ಗತಿ ಏನು? ಯಾರಿಗೂ ಬ್ರೇಕಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದಾಗ ಒಬ್ಬನ ನಡೆಯನ್ನು ಇನ್ನೊಬ್ಬ ಊಹಿಸಬಲ್ಲ. ತಿರುವಿನಲ್ಲಿ ಸವಾರ ಹಿಂದಿನ ಗಾಲಿಯನ್ನು ಹೊರಕ್ಕೆ ಜಾರಿಸುತ್ತಾನೆ. ಮುಂದಿನ ಗಾಲಿ ಬಲಕ್ಕೆ ನೋಡುತ್ತಿರುತ್ತದೆ, ವಾಹನ ಎಡಕ್ಕೆ ಹೋಗುತ್ತಿರುತ್ತದೆ. ಎಡಗಾಲಿಗೆ ತೊಟ್ಟ ಉಕ್ಕಿನ ಅಟ್ಟೆ ನೆಲವನ್ನು ಸವರುತ್ತಿರುತ್ತದೆ. ವೇಗವನ್ನು ತಡೆಯುವುದೂ ಆ ಜಾರುವಿಕೆಯೇ, ದಾರಿಯನ್ನು ತಿರುಗಿಸುವುದೂ ಅದೇ. ಹೆದ್ದಾರಿಯಲ್ಲಿ ಹೀಗಿಲ್ಲ. ಅಲ್ಲಿ ಎಲ್ಲರಿಗೂ ಬ್ರೇಕಿದೆ. ಯಾರು ಯಾವಾಗ ಹಾಕುತ್ತಾರೆಂಬುದು ಮಾತ್ರ ಯಾರಿಗೂ ತಿಳಿಯದು.

ಈ ಆಟ ಹುಟ್ಟಿದ್ದು ಒಂದು ಕೃಷಿ ಮೇಳದ ಮೈದಾನದಲ್ಲಿ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆಸ್ಟ್ರೇಲಿಯದ ವೆಸ್ಟ್ ಮೇಟ್‌ಲ್ಯಾಂಡ್ ಎಂಬ ಊರಿನಲ್ಲಿ, 1923ರ ಡಿಸೆಂಬರಿನಲ್ಲಿ, ಅಲ್ಲಿಯ ಪ್ರದರ್ಶನ ಸಂಘದ ಕಾರ್ಯದರ್ಶಿ ಜಾನಿ ಹಾಸ್ಕಿನ್ಸ್ ಎಂಬವನು ದೀಪದ ಬೆಳಕಿನಲ್ಲಿ ಮೋಟಾರು ಸೈಕಲ್ ಓಟಗಳನ್ನಿಟ್ಟನು. ಜನ ಮುಗಿಬಿದ್ದರು. 1928ರ ಫೆಬ್ರವರಿ 19ರಂದು ಇಂಗ್ಲೆಂಡಿನ ಹೈ ಬೀಚ್‌ನಲ್ಲಿ ಏರ್ಪಟ್ಟ ಪಂದ್ಯಕ್ಕೆ ಕೆಲವು ಸಾವಿರ ಜನ ಬಂದಾರೆಂದು ನೆನೆದಿದ್ದವರ ಎದುರು ಮೂವತ್ತು ಸಾವಿರದಷ್ಟು ಜನ ನೆರೆದಿದ್ದರಂತೆ. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವಿಶ್ವ ಪಂದ್ಯ. ಗೆದ್ದವನು ಆಸ್ಟ್ರೇಲಿಯದ ಲಯನೆಲ್ ವಾನ್ ಪ್ರಾಗ್. ಅಲ್ಲಿಂದ ಮುಂದೆ ವೀರರ ಪರಂಪರೆಯೇ ನಡೆಯಿತು. ಸ್ವೀಡನ್ನಿನ ಊವೆ ಫಂಡಿನ್ ಐದು ಸಲ, ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ನಾಲ್ಕು ಸಲ, ಅದೇ ನಾಡಿನ ಐವನ್ ಮೇಜರ್ 1968ರಿಂದ 1979ರೊಳಗೆ ಆರು ಸಲ ವಿಶ್ವವಿಜೇತರಾದರು. ಮುಂದೆ ಸ್ವೀಡನ್ನಿನ ಟೋನಿ ರಿಕಾರ್ಡ್ಸನ್ ಆರನ್ನು ಮುಟ್ಟಿದನು. 2025ರ ಹಂಗಾಮಿನಲ್ಲಿ ಪೋಲೆಂಡಿನ ಬಾರ್ಟೊಶ್ ಜ್ಮಾರ್ಜ್‌ಲಿಕ್ ಆಸ್ಟ್ರೇಲಿಯದ ಬ್ರೇಡಿ ಕರ್ಟ್ಸ್‌ನನ್ನು ಒಂದೇ ಒಂದು ಅಂಕದಿಂದ ಹಿಂದೆ ಹಾಕಿ ತನ್ನ ಆರನೆಯ ಪಟ್ಟವನ್ನು ಪಡೆದನು.

ಇವರಲ್ಲಿ ಬ್ರಿಗ್ಸ್, ಮೇಜರ್ ಮೊದಲಾದವರು ಓಡಿಸಿದ ವಾಹನದ ಹೆಸರನ್ನು ಹೇಳಿದರೆ ಮೈಸೂರಿನವರು ಕಿವಿ ನಿಮಿರಿಸಿಯಾರು: ಜಾವಾ. ಚೆಕ್ ನಾಡಿನ ದಿವಿಷೊವ್ ಎಂಬ ಸಣ್ಣ ಊರಿನಲ್ಲಿ 1949ರಲ್ಲಿ ಯಾರೊಸ್ಲಾವ್ ಸಿಮಾಂಡ್ಲ್ ಎಂಬ ಓಟಗಾರನು ‘ಎಸೊ’ ಎಂಬ ಹೆಸರಿನಿಂದ ಕಟ್ಟಿದ ಕಾರ್ಖಾನೆ 1964ರಲ್ಲಿ ಜಾವಾದೊಳಗೆ ಸೇರಿತು. ಅದರ ಎಂಜಿನ್ನುಗಳು ದಶಕಗಳ ಕಾಲ ಸ್ಪೀಡ್‌ವೇಯ ಅಂಗಳಗಳನ್ನು ಆಳಿದುವು. ಅದೇ ಕಾಲಕ್ಕೆ ಅದೇ ಹೆಸರಿನ ಇನ್ನೊಂದು ಬಗೆಯ ವಾಹನ ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿತ್ತು. ಇರಾನಿ ಮನೆತನದವರು ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆಗೆ ತೊಡಗಿತು. 1973ರಿಂದ ಅದರ ಗಾಡಿಗಳಿಗೆ ಯೆಜ್ದಿ ಎಂಬ ಹೆಸರು ಬಂತು. ಎರಡು ಕೊಳವೆಗಳ ಆ ಗಾಡಿ, ಕಿಕ್ಕು ಹೊಡೆಯುವ ಕೋಲನ್ನೇ ಮಡಚಿ ಗೇರು ಬದಲಿಸುವ ಆ ಚಮತ್ಕಾರ, ದೂರದಿಂದಲೇ ಗುರುತು ಹತ್ತುವ ಆ ಸದ್ದು ಇವುಗಳನ್ನು ಮರೆಯದವರು ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ತಮ್ಮ ಹಳೆಯ ಗಾಡಿಗಳನ್ನು ತೊಳೆದು ಮೆರವಣಿಗೆ ಹೊರಡುತ್ತಾರೆ. ಆ ಗಾಡಿಯನ್ನು ಓಟಕ್ಕೆ ಹದಮಾಡುವ ಕುಶಲಿಗಳು ಮೈಸೂರಿನ ಗ್ಯಾರೇಜುಗಳಲ್ಲಿದ್ದರು. ಓಟಗಾರರಾಗಿದ್ದ ಮೈಸೂರಿನ ಸೋಮೇಂದರ್ ಸಿಂಗ್ ಅವರು ಎಂಜಿನ್ನಿನ ತಲೆಯೊಳಗೆ ಗೀರುಗಳನ್ನು ಕೊರೆದು ಉರಿಯುವಿಕೆಯನ್ನು ಸುಧಾರಿಸುವ ತಮ್ಮ ಉಪಾಯಕ್ಕೆ ಅಮೆರಿಕದ ಪೇಟೆಂಟನ್ನೇ ಪಡೆದರು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಎಂಬ ಹೆಸರುಗಳು ಬೇರೆ ಕಂಪನಿಯ ಕೈಯಲ್ಲಿ ಮತ್ತೆ ಪೇಟೆಗೆ ಬಂದಿವೆ. ಯಾದವಗಿರಿಯ ಕಾರ್ಖಾನೆಯೇನೂ ಮರಳಿ ಬರಲಿಲ್ಲ. ಇಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ: ಗಾಡಿ ನಮ್ಮಲ್ಲಿತ್ತು, ಕೈಚಳಕ ನಮ್ಮಲ್ಲಿತ್ತು, ಎದೆಗಾರಿಕೆಯ ಸವಾರರೂ ಇದ್ದರು. ಅವರು ಓಡಬೇಕಾದರೆ ಮಾತ್ರ ಮದರಾಸಿನ ಹತ್ತಿರದ ಶೋಲಾವರಕ್ಕೆ, ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನ ಪಟ್ಟಿಗೆ, ಹೋಗಬೇಕಾಗಿತ್ತು.

ನೆಲ ಹೋದರೆ ಆಟ ಹೋಗುತ್ತದೆಂಬುದಕ್ಕೆ ಇಂಗ್ಲೆಂಡೇ ಸಾಕ್ಷಿ. 1981ರಲ್ಲಿ ವೆಂಬ್ಲಿಯಲ್ಲಿ ನಡೆದ ವಿಶ್ವ ಪಂದ್ಯಕ್ಕೆ ತೊಂಬತ್ತು ಸಾವಿರದಷ್ಟು ಪ್ರೇಕ್ಷಕರಿದ್ದರು. ಅದೇ ಅಲ್ಲಿಯ ಕೊನೆಯ ವಿಶ್ವ ಪಂದ್ಯವಾಯಿತು. ವಿಂಬಲ್ಡನ್ನಿನಲ್ಲಿ ಟೆನಿಸ್ಸಿನಂತೆ ಸ್ಪೀಡ್‌ವೇಯೂ ಇತ್ತು, 2005ರಲ್ಲಿ ನಿಂತಿತು, ಆ ಅಂಗಳವನ್ನು ಕೆಡವಿ ಫುಟ್‌ಬಾಲ್ ಮೈದಾನವನ್ನೂ ಮನೆಗಳನ್ನೂ ಕಟ್ಟಿದರು. ಪೀಟರ್‌ಬರೋ, ವುಲ್ವರ್‌ಹ್ಯಾಂಪ್ಟನ್ನುಗಳ ತಂಡಗಳು 2023ರ ಹಂಗಾಮಿನ ಕೊನೆಗೆ ನೆಲೆ ಕಳೆದುಕೊಂಡವು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಸವಾರರಿಗೇನೂ ಬರವಿರಲಿಲ್ಲ, ಪ್ರೇಕ್ಷಕರೂ ಇದ್ದರು. ಮೈದಾನದ ಒಡೆತನ ನಾಯಿ ಓಟದ ಬಾಜಿಯವರದಾಗಿತ್ತು. ಅವರಿಗೆ ಫಟಫಟಿ ಬೇಡವಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಆಕ್ಸ್‌ಫರ್ಡಿನದು. ನಮ್ಮ ಅಧ್ಯಾಪಕರ ಬಾಯಲ್ಲಿ ಆಕ್ಸ್‌ಫರ್ಡ್ ಎಂದರೆ ನಿಘಂಟು. ಆದರೆ ಆ ಊರಿನ ಕೂಲಿಕಾರರಿಗೆ ಅದು ಕೌಲಿಯ ಸ್ಪೀಡ್‌ವೇಯೂ ಹೌದು. 2012ರಲ್ಲಿ ಮುಚ್ಚಿಹೋಗಿದ್ದ ಅಲ್ಲಿಯ ಅಂಗಳ 2022ರಲ್ಲಿ ಮತ್ತೆ ತೆರೆಯಿತು. ಹದಿನೈದು ವರ್ಷ ಇಲ್ಲದ ತಂಡವೂ ಜೊತೆಗೇ ಬಂತು. ಪೋಲೆಂಡಿನಲ್ಲಿ ಈ ಆಟ ಇಂದು ಪ್ರಪಂಚದಲ್ಲೆಲ್ಲ ಹೆಚ್ಚು ಬಲವಾಗಿರುವುದಕ್ಕೆ ಕಾರಣ ಅಲ್ಲಿಯ ಹುಡುಗರ ರಕ್ತದಲ್ಲಿ ಮೆಥನಾಲು ಇದೆಯೆಂದಲ್ಲ. ಅಲ್ಲಿಯ ಪುರಸಭೆಗಳು ಮೈದಾನವನ್ನು ನೀರಿನ ನಲ್ಲಿಯಂತೆ ಊರಿನ ಸೌಕರ್ಯವೆಂದೆಣಿಸುತ್ತವೆ. ತೊರುನ್ ಎಂಬ ಊರು 2009ರಲ್ಲಿ ಹದಿನೈದು ಸಾವಿರ ಜನ ಕೂರುವ ಅಂಗಳವನ್ನು ಈ ಆಟಕ್ಕೆಂದೇ ತೆರೆಯಿತು. ಕೊಪರ್ನಿಕಸ್ ಹುಟ್ಟಿದ ಊರು ಅದು. ಸುತ್ತುವುದರ ಮೇಲೆ ಅವರಿಗೆ ಮೊದಲಿನಿಂದ ಪ್ರೀತಿ ಇದ್ದೀತು.

ಈಗ ನಮ್ಮ ನಾಡಿಗೆ ಬರೋಣ. ನಮ್ಮ ಸವಾರರ ಯಶಸ್ಸು ಸಾಮಾನ್ಯವಾದುದಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಮರುಭೂಮಿಗಳಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಪೂರೈಸಿ 36ನೆಯ ಸ್ಥಾನ ಪಡೆದರು. ಆ ಓಟವನ್ನು ಮುಗಿಸಿದ ಮೊದಲ ಭಾರತೀಯ ಅವರು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯಲ್ಲಿ 37ನೆಯವರಾಗಿ ಮುಗಿಸಿದರು. ಕನ್ನಡಿಗರಲ್ಲಿ ಹೆಚ್ಚು ಮಂದಿ ಅವರ ಹೆಸರನ್ನು ಕೇಳಿದ್ದು ಮಾತ್ರ 2021ರಲ್ಲಿ ಅವರು ‘ಬಿಗ್ ಬಾಸ್’ ಮನೆ ಹೊಕ್ಕಾಗ! ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ಓಟಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪಟ್ಟವನ್ನು ತಂದ ಮೊದಲ ಭಾರತೀಯರು ಅವರೇ. ಇಂಥವರನ್ನು ಬೆಳೆಸಿದ್ದು ಗಾಡಿ ಮಾಡುವ ಕಂಪನಿಗಳ ಹಣ, ಮನೆಯವರ ತ್ಯಾಗ, ಹಾಗೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನಂಥ ಕೆಲವು ಸಂಘಗಳ ಉತ್ಸಾಹ. ಆದರೆ ಅಭ್ಯಾಸದ ನೆಲವೆಲ್ಲಿ? ತಮಿಳುನಾಡಿನಲ್ಲಿ 1990ರಿಂದ ಇರುಂಗಾಟ್ಟುಕೋಟ್ಟೈ ಇದೆ, ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಆ ದರ್ಜೆಯ ಓಟದ ಅಂಗಳ ನಮ್ಮ ರಾಜ್ಯದಲ್ಲಿ ಎದ್ದಿಲ್ಲ. ಕೋಲಾರದ ಕಡೆ ಸಂತೋಷ್ ಅವರೇ ಮಣ್ಣಿನ ಅಂಗಳವೊಂದನ್ನು ಕಟ್ಟಿದರು. ಬೆಂಗಳೂರಿನ ಸುತ್ತ ಖಾಸಗಿಯವರ ಸಣ್ಣ ಅಂಗಳಗಳುಂಟು. ಮೈಸೂರಿನಲ್ಲಿ ಲಲಿತಮಹಲಿನ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ದಸರೆಯ ಕಾಲಕ್ಕೆ ಧೂಳೆಬ್ಬಿಸುವ ಪಂದ್ಯಗಳು ನಡೆದುದುಂಟು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಆಗೀಗ ಒಂದು ಗದ್ದೆಯನ್ನು ಸಮಮಾಡಿ ‘ಡರ್ಟ್ ಟ್ರ್ಯಾಕ್’ ಓಟ ಏರ್ಪಡಿಸುತ್ತಾರೆ. ಮರುದಿನ ಅದು ಮತ್ತೆ ಗದ್ದೆ. ಹೀಗೆ ನಮ್ಮ ಆಟ ಜಾತ್ರೆಯ ಪೆಂಡಾಲಿನಂತಾಗಿದೆ.

ದೊಡ್ಡ ಪಥವೊಂದನ್ನು ಕೋಟಿಗಟ್ಟಲೆ ಸುರಿದು ಕಟ್ಟಿಬಿಟ್ಟರೆ ಸಾಕೆಂದು ನಾನು ಹೇಳುತ್ತಿಲ್ಲ. ದಿಲ್ಲಿಯ ಹತ್ತಿರದ ಬುದ್ಧ ಅಂತರರಾಷ್ಟ್ರೀಯ ಪಥ 2011ರಲ್ಲಿ ತೆರೆಯಿತು; ಫಾರ್ಮುಲಾ ಒನ್ ಮೂರು ವರ್ಷ ಓಡಿ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೋಟೋ ಜಿಪಿ ಬಂತು, ಇಟಲಿಯ ಬೆಜೆಕಿ ಗೆದ್ದ. 2024ರಲ್ಲಿ ಅದು ಬರಲೇ ಇಲ್ಲ. ಅರಮನೆ ಕಟ್ಟಿ ಅಡುಗೆಮನೆ ಮರೆತಂತೆ. ಹದಿನಾರು ವರ್ಷದ ಹುಡುಗನಿಗೆ ಬೇಕಾದುದು ದಿಲ್ಲಿಯ ಪಥವಲ್ಲ. ತನ್ನ ತಾಲೂಕಿನಲ್ಲಿ ಭಾನುವಾರದ ಬೆಳಿಗ್ಗೆ ಹೋಗಿಬರಬಹುದಾದ ಮುನ್ನೂರು ಮೀಟರಿನ ಮಣ್ಣು.

ಕನ್ನಡದಲ್ಲಿ ಅದಕ್ಕೊಂದು ಮಾತು ಸಿದ್ಧವಾಗಿದೆ: ಕಣ. ಹುಲ್ಲನ್ನು ಕೆತ್ತಿ, ಮಣ್ಣನ್ನು ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿಯನ್ನು ನಟ್ಟು, ಅದರ ಸುತ್ತ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವ ಜಾಗ ಕಣ. ಸ್ಪರ್ಧೆಯ ಜಾಗವೂ ಕಣವೇ. ಚುನಾವಣೆಗೆ ನಿಂತವನೂ ಕಣಕ್ಕೇ ಇಳಿಯುತ್ತಾನೆ. ಹಳೆಗನ್ನಡದ ‘ಕಳ’ ಎಂಬ ಮಾತಿಗೂ ಒಕ್ಕುವ ನೆಲ, ಕಾದುವ ನೆಲ ಎಂಬ ಎರಡೂ ಅರ್ಥಗಳಿದ್ದುವು. ಹೋರಾಟಕ್ಕೂ ಒಕ್ಕಲುತನಕ್ಕೂ ಮೊದಲು ಬೇಕಾದುದು ಹದಮಾಡಿದ, ಎಲ್ಲೆಯುಳ್ಳ ಒಂದು ನೆಲ ಎಂಬುದನ್ನು ಈ ನುಡಿಯನ್ನಾಡಿದವರು ಬಲ್ಲವರಾಗಿದ್ದರು. ನಮ್ಮ ಜಿಲ್ಲೆಯ ತೆಂಕಣಕ್ಕಿರುವ ಕಂಬಳವನ್ನು ನೋಡಿರಿ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಜಲ್ಲಿಕಟ್ಟಿನೊಂದಿಗೆ ಅದನ್ನೂ ಸಂಕಷ್ಟಕ್ಕೆ ತಳ್ಳಿತು. 2017ರಲ್ಲಿ ರಾಜ್ಯವು ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದರ ಸರಿತಪ್ಪುಗಳ ವಾದ ಇಲ್ಲಿ ಬೇಡ. ಆದರೆ ಒಂಬತ್ತು ವರ್ಷಗಳ ಆ ಅನಿಶ್ಚಯವನ್ನು ಕಂಬಳ ದಾಟಿದ್ದು ಹೇಗೆ? ಊರೂರಿನಲ್ಲಿ ಅದಕ್ಕೊಂದು ಕರೆ ಇತ್ತು. ಕರೆಗೊಂದು ಸಮಿತಿ ಇತ್ತು. ಸಮಿತಿಯ ಹಿಂದೆ ಊರಿತ್ತು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು ಅಳೆಯಲು ಅಲ್ಲಿ ಗಡಿಯಾರವಿತ್ತು, ಬರೆದಿಡಲು ಪುಸ್ತಕವಿತ್ತು. ಹೆದ್ದಾರಿಯಲ್ಲಿ ಓಡಿದ ಹುಡುಗನ ವೇಗವನ್ನು ಅಳೆಯುವವರು ಪೊಲೀಸರು ಮಾತ್ರ.

ಎದುರು ವಾದ ಹಗುರವಾದುದಲ್ಲ. 2023ರ ಆಗಸ್ಟ್ 5ರಂದು ಚೆನ್ನೈಯ ಪಥದಲ್ಲಿ, ರಾಷ್ಟ್ರೀಯ ಪಂದ್ಯದ ನಡುವೆ, ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಬಿದ್ದು ಸತ್ತನು. ಅವನ ತಲೆಯ ಮೇಲೆ ಹೆಲ್ಮೆಟ್ಟಿತ್ತು, ಅಂಗಳದ ಬದಿಯಲ್ಲಿ ಆಂಬುಲೆನ್ಸಿತ್ತು, ಆದರೂ ಉಳಿಯಲಿಲ್ಲ. ಸಂತೋಷ್ 2021ರ ಡಕಾರಿನಲ್ಲಿ ಬಿದ್ದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ದಿನಗಳನ್ನು ಕಳೆದರು. ಸ್ಪೀಡ್‌ವೇಯಲ್ಲಿಯೂ 2012ರಲ್ಲಿ ಇಂಗ್ಲೆಂಡಿನ ಲೀ ರಿಚರ್ಡ್‌ಸನ್ ಪೋಲೆಂಡಿನ ವ್ರೋತ್ಸ್ವಾಫ್‌ನಲ್ಲಿ ಪ್ರಾಣ ಬಿಟ್ಟನು; 2015ರಲ್ಲಿ ಇಪ್ಪತ್ತಮೂರರ ಡಾರ್ಸಿ ವಾರ್ಡ್ ಬೆನ್ನುಹುರಿ ಮುರಿದು ಗಾಲಿಕುರ್ಚಿಗೆ ಬಂದನು. ಕಣದಲ್ಲಿ ಸಾವಿಲ್ಲವೆಂದು ಹೇಳುವವನು ಸುಳ್ಳುಗಾರ. ಹದಿಮೂರರ ಮಕ್ಕಳನ್ನು ದೊಡ್ಡ ಪಥದಲ್ಲಿ ಓಡಿಸಬೇಕೆ ಎಂಬುದು ಗಂಭೀರವಾದ ಪ್ರಶ್ನೆ. ಕೂಡದೆಂದೇ ನನ್ನ ಅಭಿಪ್ರಾಯ. ಆದರೆ ಕಣದಲ್ಲಿ ಬಿದ್ದ ಪ್ರತಿಯೊಬ್ಬನ ಮೇಲೂ ವಿಚಾರಣೆ ನಡೆಯುತ್ತದೆ, ಅದರಿಂದ ನಿಯಮ ಹುಟ್ಟುತ್ತದೆ. ಬೇಲಿಯ ಬದಲು ಗಾಳಿ ತುಂಬಿದ ಮೆತ್ತೆಗಳು ಬಂದದ್ದು ಹಾಗೆ. ಹೆದ್ದಾರಿಯ ಸಾವಿನಿಂದ ಅಂಥದೇನೂ ಹುಟ್ಟುವುದಿಲ್ಲ. ಅಲ್ಲಿ ಸಾಯುವವನು ಒಬ್ಬನೇ ಸಾಯುವುದೂ ಇಲ್ಲ; ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದವನೂ ಲೆಕ್ಕಕ್ಕೆ ಸೇರುತ್ತಾನೆ. ಸದ್ದು, ಧೂಳು, ಎಣ್ಣೆಯ ಖರ್ಚು ಎಂಬ ಆಕ್ಷೇಪಗಳಿಗೂ ಬೆಲೆಯುಂಟು. ಊರಿನಿಂದ ದೂರದಲ್ಲಿ, ತಿಂಗಳಿಗೆರಡು ದಿನ, ಎಂದು ಗೊತ್ತುಮಾಡಿಕೊಂಡರೆ ಅವು ಬಗೆಹರಿಯದಂಥವಲ್ಲ. ಬಡ ಹುಡುಗನಿಗೆ ಓಟದ ಉಡುಪನ್ನು ಕೊಡಿಸುವವರಾರು ಎಂಬುದು ಮಾತ್ರ ನನಗೆ ಇವೆಲ್ಲಕ್ಕಿಂತ ಕಠಿಣವಾಗಿ ಕಾಣುತ್ತದೆ. ಇಲ್ಲಿಯೂ ಆಟ ಉಳ್ಳವರ ಪಾಲಾದರೆ ಉಳಿದವರಿಗೆ ಮತ್ತೆ ಅರಬೈಲು ಘಟ್ಟವೇ ಗತಿ.

ಕಾನೂನು ಈ ಬಾಗಿಲನ್ನು ಮುಚ್ಚಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯವನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿ ದಂಡವನ್ನು 500ರಿಂದ 5,000 ರೂಪಾಯಿಗೂ ಸೆರೆಯನ್ನು ಒಂದು ತಿಂಗಳಿನಿಂದ ಮೂರು ತಿಂಗಳಿಗೂ ಏರಿಸಿತು. ಆದರೆ ಅದೇ ಕಲಮಿನೊಳಗೆ ‘ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ’ ಎಂಬ ಮಾತಿದೆ. ಶಿಕ್ಷೆಯ ಭಾಗವನ್ನು ನಾವು ಗಟ್ಟಿಯಾಗಿ ಓದುತ್ತೇವೆ. ಒಪ್ಪಿಗೆಯ ಭಾಗವನ್ನು ಓದುವವರಿಲ್ಲ. ಉಚ್ಚ ನ್ಯಾಯಾಲಯದ ಮಾತಿನಂತೆ ಹೊಸ ಕಟ್ಟಳೆ ಬರುವುದಾದರೆ, ಅದನ್ನು ಬರೆಯುವವರು ಈ ಎರಡನೆಯ ಭಾಗಕ್ಕೂ ಒಂದೆರಡು ಸಾಲು ಕೊಡಬಹುದು: ಜಿಲ್ಲೆಗೊಂದು ಮಣ್ಣಿನ ಅಂಗಳ, ಅದಕ್ಕೊಂದು ಸಮಿತಿ, ವಯಸ್ಸಿನ ಮಿತಿ, ವೈದ್ಯರಿಲ್ಲದೆ ಓಟವಿಲ್ಲವೆಂಬ ನಿಯಮ.

ಭತ್ತದ ಕೊಯ್ಲು ಮುಗಿದ ಮೇಲೆ, ಶೇಂಗಾ ಹಾಕದ ಗದ್ದೆಗಳು ನಮ್ಮ ತಾಲೂಕಿನಲ್ಲಿ ಮಳೆ ಹಿಡಿಯುವವರೆಗೂ ಬರಿದಾಗಿ ಬಿದ್ದಿರುತ್ತವೆ. ಈಚೆಗೆ ನನ್ನ ವಿದ್ಯಾರ್ಥಿಗಳು ನಾಲ್ಕೈದು ಜನ ಕೂಡಿ ಬಂದು, “ಸರ್, ಒಂದು ಅರ್ಜಿ ಬರೆದುಕೊಡಿ” ಎಂದರು. ಒಬ್ಬನ ಮಾವನ ಬಯಲು ಇದೆಯಂತೆ, ಎರಡು ತಿಂಗಳ ಮಟ್ಟಿಗೆ ಕೊಡಲು ಅವರ ಒಪ್ಪಿಗೆಯೂ ಇದೆಯಂತೆ. ಒಕ್ಕಣೆ ಸುಲಭವಾಗಿಯೇ ಸಾಗಿತು. ಯಾರಿಗೆ ಎಂಬಲ್ಲಿ ಪೆನ್ನು ನಿಂತಿತು. ಕ್ರೀಡಾ ಇಲಾಖೆಗೋ, ಸಾರಿಗೆಯವರಿಗೋ, ಪೊಲೀಸರಿಗೋ? ಕಾಯಿದೆ ‘ರಾಜ್ಯ ಸರಕಾರ’ ಎಂದಷ್ಟೇ ಹೇಳುತ್ತದೆ. ಕೊನೆಗೆ ‘ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ’ ಎಂದು ಬರೆದು, ಮೂರು ಪ್ರತಿ ಮಾಡಿಸಿ, ಹುಡುಗರ ಕೈಯಲ್ಲೇ ಕೊಟ್ಟು ಕಳುಹಿಸಿದ್ದೇನೆ. ಬಸ್ಸಿನಲ್ಲಿ ಹೋಗಿ ಎಂದು ಹೇಳಿ.